ಕಲ್ಲು ಬಿದ್ದು ಹರಿದ ಲೆದರ್ ಕೋರಲ್: ಕತ್ತರಿಸಬೇಕಾ, ಸುಮ್ನೆ ಬಿಡಬೇಕಾ?

ಕದ್ರಿ ಟ್ಯಾಂಕ್
ನಮಸ್ಕಾರ ಎಲ್ಲರಿಗೂ. ನನ್ನದು ಮೂರಡಿ ಉಪ್ಪುನೀರಿನ ಟ್ಯಾಂಕ್, ಹತ್ತಿರ ಹತ್ತಿರ 200 ಲೀಟರ್. ಒಂದೂವರೆ ವರ್ಷ ಆಯಿತು. ಶನಿವಾರ ರಾತ್ರಿ ಮೇಲಿನ ಕಲ್ಲೊಂದು ಜಾರಿ ಸಾರ್ಕೋಫೈಟನ್ ಮೇಲೆ ಬಿತ್ತು. ಅಣಬೆ ಆಕಾರದ ಲೆದರ್ ಕೋರಲ್ ಅದು, ತೊಗಲಿನಂಥ ಮೆದು ಹವಳ. ಬೆಳಿಗ್ಗೆ ನೋಡಿದರೆ ಕೊಡೆಯ ಒಂದು ಬದಿ ಹರಿದು ನೇತಾಡುತ್ತಿದೆ. ಇವತ್ತಿಗೆ ನಾಲ್ಕು ದಿನ. ಹೂವಿನಂಥ ಸಣ್ಣ ಬಾಯಿಗಳು ಇರುತ್ತವಲ್ಲ, ಆ ಪಾಲಿಪ್ ಒಂದು ಕೂಡ ಹೊರಗೆ ಬಂದಿಲ್ಲ. ಮೈಮೇಲೆ ಮೇಣ ಹಚ್ಚಿದ ಹಾಗೆ ಪದರ, ಹರಿದ ಕಡೆ ಬೂದು ಬಣ್ಣ. ಮೂರು ಸಲ ಜಾಗ ಬದಲಿಸಿ ನೋಡಿದೆ. ನಿನ್ನೆ ಅರ್ಧ ನೀರು ತೆಗೆದು ಹೊಸದು ಹಾಕಿದೆ. ಉಪ್ಪು 1.025 (ನೀರಿನ ಸಾಂದ್ರತೆಯ ಲೆಕ್ಕದಲ್ಲಿ), ಶಾಖ 27 ಡಿಗ್ರಿ, ಅಮೋನಿಯ ಸೊನ್ನೆ, ನೈಟ್ರೇಟ್ 10. ಅಮ್ಮ ದಿನಾ ಕೇಳುತ್ತಾರೆ, "ಈ ದುಡ್ಡಿಗೆ ಎಷ್ಟು ಅಂಜಲ್ ಮೀನು ಬರುತ್ತಿತ್ತು?" ಎಂತ ಮಾಡುವುದು ಹೇಳಿ.

ಕಾಪು ಲೈಟ್‌ಹೌಸ್
ಮೊದಲು ಕೈ ಹೊರಗೆ ತೆಗೆಯಿರಿ ಮಾರಾಯ್ರೆ! ನಾಲ್ಕು ದಿನದಲ್ಲಿ ಮೂರು ಸಲ ಜಾಗ ಬದಲಿಸಿದರೆ ಗಟ್ಟಿ ಇದ್ದದ್ದೂ ಮುದುಡುತ್ತದೆ. ಆ ಮೇಣದ ಪದರ ಕಾಯಿಲೆ ಅಲ್ಲ. ಏನೂ ಆಗದ ಲೆದರ್ ಕೂಡ ಆಗಾಗ ಪಾಲಿಪ್ ಎಳೆದುಕೊಂಡು, ಮೈಮೇಲಿನ ಪಾಚಿ, ಕೊಳೆ ಎಲ್ಲ ಸೇರಿಸಿ ಒಂದು ಸಿಪ್ಪೆ ಬಿಡುತ್ತದೆ. ಕೆಲವು ದಿನ ಹಿಡಿಯುತ್ತದೆ, ಕೆಲವೊಮ್ಮೆ ಎರಡು ವಾರ. ಪೆಟ್ಟು ಬಿದ್ದಾಗಲೂ ಹಾಗೇ ಮಾಡುತ್ತದೆ. ಸಿಪ್ಪೆ ಕೊಚ್ಚಿಕೊಂಡು ಹೋಗುವಷ್ಟು ನೀರಿನ ಓಟ ಬೇಕು, ಆದರೆ ಅಲೆ ಎಬ್ಬಿಸುವ ವೇವ್‌ಮೇಕರ್ ನೇರ ಅದರ ಮುಖಕ್ಕೆ ಬೇಡ. ಲೈಟ್ ಸ್ವಲ್ಪ ಇಳಿಸಿ. ನನಗೆ ಹೆದರಿಕೆ ಆ ಬೂದು ಬಣ್ಣದ್ದು ಮಾತ್ರ.

ಮಲ್ಪೆ ಅಲೆ
ಪ್ಯಾಕೆಟ್ ಉಪ್ಪು ಕಲಸಿದ ನೀರಿನಲ್ಲಿ ಗುಣ ಆಗಲಿಕ್ಕೆ ಕಾಯುವುದು ಯಾಕೆ? ಸಮುದ್ರದ ಪ್ರಾಣಿಗೆ ಸಮುದ್ರದ ನೀರೇ ಮದ್ದು. ಕದ್ರಿಯಿಂದ ಪಣಂಬೂರು ಬೀಚ್ ಎಷ್ಟು ದೂರ? ಎರಡು ಕ್ಯಾನ್ ತುಂಬಿಸಿ ತಂದು ಹಾಕಿ. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಅದೇ ನೀರು.

ಉಪ್ಪು 35
ಅಣ್ಣ, ಇದು ಜುಲೈ. ನೇತ್ರಾವತಿ, ಗುರುಪುರ ಎರಡೂ ನದಿಗಳು ಕೆಂಪು ನೀರು ತಂದು ಸುರಿಯುತ್ತಿವೆ. ಈಗ ದಡದ ನೀರು ಅಳೆದರೆ ಉಪ್ಪು ಎಷ್ಟೋ ಕೆಳಗೆ ಇರುತ್ತದೆ, ಜೊತೆಗೆ ಮಣ್ಣು. ಪಣಂಬೂರಿಗೆ ಹಡಗಿನ ಬಂದರು ಕೂಡ ತಾಗಿಕೊಂಡೇ ಉಂಟು. ಗಾಯ ಆದ ಕೋರಲ್‌ಗೆ ಉಪ್ಪು ಏರಿಳಿತ ಆಗುವುದಕ್ಕಿಂತ ಕೆಟ್ಟದ್ದು ಇಲ್ಲ.

ಮಲ್ಪೆ ಅಲೆ
ಮಳೆಗಾಲದಲ್ಲಿ ತನ್ನಿ ಅಂತ ನಾನೂ ಹೇಳುವುದಿಲ್ಲ, ಒಪ್ಪಿದೆ. ನಾನು ಫೆಬ್ರವರಿ, ಮಾರ್ಚ್‌ನಲ್ಲಿ ದೋಣಿಯವರ ಹತ್ತಿರ ಹೊರಗಿನ ನೀರು ತರಿಸಿ ಡ್ರಮ್ಮಿನಲ್ಲಿ ತುಂಬಿಡುತ್ತೇನೆ. ಆದರೆ ಪ್ಯಾಕೆಟ್ ಬಿಟ್ಟರೆ ಗತಿ ಇಲ್ಲ ಎಂಬ ಮಾತು ನನಗೆ ಆಗುವುದಿಲ್ಲ.

ಉಪ್ಪು 35
ಆ ಜಗಳ ಆಮೇಲೆ ಮಾಡುವ. ಕದ್ರಿಯವರೇ, ಆ 1.025 ಯಾವುದರಲ್ಲಿ ಅಳೆದದ್ದು?

ಕದ್ರಿ ಟ್ಯಾಂಕ್
ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಮುಳ್ಳು ಮೇಲೆ ಕೆಳಗೆ ಆಡುತ್ತದಲ್ಲ, ಅದು.

ಉಪ್ಪು 35
ಅಂದುಕೊಂಡೆ. ಆ ಮುಳ್ಳಿಗೆ ನಾಲ್ಕು ಗುಳ್ಳೆ ಅಂಟಿದರೆ ಅದು ಮೇಲೆ ಏರಿ ಜಾಸ್ತಿ ತೋರಿಸುತ್ತದೆ. ಅಂದರೆ ನಿಜವಾದ ಉಪ್ಪು ಕಡಿಮೆ. ಯಾರದ್ದಾದರೂ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ಮೀಟರ್) ತಂದು ನೋಡಿ. ಅದನ್ನೂ ಮೊದಲು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿ ಮಾಡಿಕೊಳ್ಳಿ, ಬರೀ ಆರ್‌ಓ ನೀರಿನಲ್ಲಿ ಸೊನ್ನೆ ಬಂತು ಅಂತ ನಂಬಬೇಡಿ. ಕಡಿಮೆ ಇದ್ದರೆ ಒಮ್ಮೆಲೇ ಏರಿಸಬೇಡಿ. ದಿನಕ್ಕೆ 0.001, ಅಷ್ಟೇ.

ಮಣಿಪಾಲ ಹೊಸಬ
ನಾನು ಓದಿದ್ದು ಕೇಳಿ: ಮೆದು ಹವಳಕ್ಕೆ ಒಳಗೆ ಕಲ್ಲಿನ ಗೂಡು ಇಲ್ಲ, ಮಾಂಸದ ನಡುವೆ ಸಣ್ಣ ಸಣ್ಣ ಸುಣ್ಣದ ಕಡ್ಡಿಗಳು ಮಾತ್ರ. ಹಾಗಾಗಿ ಕತ್ತರಿಸಿದ ತುಂಡು ಇನ್ನೊಂದು ಕೋರಲ್ ಆಗುತ್ತದೆ. ಹಾಗಾದರೆ ಇಡೀ ಕೊಡೆ ಕತ್ತರಿಸಿ ಎಂಟು ತುಂಡು ಮಾಡಿದರೆ ಎಂಟು ಕೋರಲ್ ಅಲ್ವಾ? ಯಾಕೆ ಕಾಯುವುದು?

ಕಾಪು ಲೈಟ್‌ಹೌಸ್
ತಮ್ಮ, ಗಟ್ಟಿಮುಟ್ಟಾದ ಕೋರಲ್ ಕತ್ತರಿಸುವುದು ಬೇರೆ. ಇದು ಜ್ವರ ಬಂದು ಮಲಗಿದ್ದು. ಮುದುಡಿದ್ದು ಬೇರೆ, ಕೊಳೆತದ್ದು ಬೇರೆ. ಮುದುಡಿದರೆ ಮುಟ್ಟಬೇಡಿ. ಕೊಳೆತರೆ ಒಂದು ದಿನವೂ ಕಾಯಬೇಡಿ, ಅದು ಒಳಗೆ ಹರಡುತ್ತದೆ, ನೀರೂ ಕೆಡುತ್ತದೆ. ಯಾವುದು ಅಂತ ಗೊತ್ತಾಗಲಿಕ್ಕೆ ಮೂಗು ಸಾಕು. ಸೂಜಿ ಇಲ್ಲದ ಸಿರಿಂಜಿನಲ್ಲಿ ಆ ಬೂದು ಜಾಗದ ನೀರು ಎಳೆದು ಮೂಸಿ. ಲೆದರ್‌ಗೆ ಯಾವಾಗಲೂ ಒಂದು ಖಾರ ವಾಸನೆ ಇರುತ್ತದೆ, ಅದು ಸರಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಬ್ಲೇಡ್ ತೆಗೆಯಿರಿ. ಸಿರಿಂಜಿನ ಗಾಳಿಗೆ ಮಾಂಸ ಪುಡಿಪುಡಿಯಾಗಿ ಹಾರಿದರೂ ಅದೇ ಅರ್ಥ.

ಕದ್ರಿ ಟ್ಯಾಂಕ್
ಮೂಸಿದೆ. ಮೊಟ್ಟೆಯೇ. ಅಡುಗೆಮನೆಯಿಂದ ಅಮ್ಮ ಕೇಳಿದರು, "ಎಂತ ಕೊಳೆತದ್ದು?" ಅಂತ. ಹರಿದ ಅಂಚಿನಲ್ಲಿ ಎರಡು ಬೆರಳಿನಷ್ಟು ಜಾಗ ಲೋಳೆ ಆಗಿದೆ. ಕೊಡೆಯ ಉಳಿದ ಭಾಗ, ಕಾಂಡ ಎಲ್ಲ ಗಟ್ಟಿ ಉಂಟು.

ಪಕ್ಕದ ಬೀದಿಯ ಗೆಳೆಯನ ರಿಫ್ರಾಕ್ಟೋಮೀಟರ್ ಕೂಡ ತಂದೆ. 1.021 ತೋರಿಸುತ್ತಿದೆ!

ಕಾಪು ಲೈಟ್‌ಹೌಸ್
ಟ್ಯಾಂಕಿನ ಒಳಗೆ ಮಾತ್ರ ಕತ್ತರಿಸಬೇಡಿ. ಬಕೆಟ್‌ನಲ್ಲಿ ಟ್ಯಾಂಕಿನದೇ ನೀರು ಹಾಕಿ, ಕಲ್ಲಿನ ಸಮೇತ ಅದಕ್ಕೆ ಇಳಿಸಿ. ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ. ಹೊಸ ಬ್ಲೇಡ್. ಲೋಳೆ ಮುಗಿದ ಗೆರೆಯಲ್ಲಿ ಕತ್ತರಿಸಿದರೆ ಸಾಲದು, ಒಳ್ಳೆಯ ಮಾಂಸದ ಒಳಗೆ ಸುಮಾರು ಒಂದು ಸೆಂಟಿಮೀಟರ್ ಹೋಗಿ ಕತ್ತರಿಸಿ. ಕರುಣೆ ತೋರಿಸಿ ಸ್ವಲ್ಪ ಉಳಿಸಿದರೆ ನಾಡಿದ್ದು ಮತ್ತೆ ಅದೇ ಕೆಲಸ. ಆಮೇಲೆ ಇನ್ನೊಂದು ಪಾತ್ರೆಯ ಟ್ಯಾಂಕ್ ನೀರಿನಲ್ಲಿ ಕೋರಲ್‌ಗೆ ಮಾಡಿದ ಅಯೋಡಿನ್ ಡಿಪ್ (ಅದ್ದಿ ತೆಗೆಯುವ ಮದ್ದು), ಬಾಟಲಿಯ ಮೇಲೆ ಬರೆದ ಅಳತೆ, ಬರೆದಷ್ಟೇ ನಿಮಿಷ. ಬಕೆಟ್ ನೀರು ಚೆಲ್ಲಿ, ವಾಪಸ್ ಟ್ಯಾಂಕಿಗೆ ಬೇಡ.

ಪಾತ್ರೆ ಅಂದದ್ದಕ್ಕೆ ನೆನಪಾಯಿತು. ನಾನು ಮೊದಲ ವರ್ಷ ಬಚ್ಚಲಿನ ತಾಮ್ರದ ಹಂಡೆಯಲ್ಲಿ ಉಪ್ಪುನೀರು ಕಲಸಿದವಳು. ದೊಡ್ಡದಿತ್ತು, ಚೊಕ್ಕ ಇತ್ತು. ಮೊದಲು ಸಿಗಡಿ ಹೋದವು, ಆಮೇಲೆ ಜೀನಿಯಾ ಎಂಬ ಮೆದು ಹವಳ ಕರಗಿ ಹೋಯಿತು. ತಾಮ್ರ ಅಂತ ಗೊತ್ತಾಗಲಿಕ್ಕೆ ಎರಡು ತಿಂಗಳು ಬೇಕಾಯಿತು.

ಮಲ್ಪೆ ಅಲೆ
ಗಾಯಕ್ಕೆ ಹಚ್ಚುವ ಅಯೋಡಿನ್ ಮನೆಯಲ್ಲೇ ಇರುತ್ತದಲ್ಲ, ಅದು ಆಗದಾ ಅಕ್ಕ?

ಉಪ್ಪು 35
ಕೈ ತೊಳೆಯಲಿಕ್ಕೆ ಮಾಡಿದ ಬಗೆಯಲ್ಲಿ ಸೋಪು ಸೇರಿರುತ್ತದೆ. ಅವಸರದಲ್ಲಿ ಬಾಟಲಿ ತಪ್ಪುವುದು ಬೇಡ. ಕೋರಲ್ ಡಿಪ್ ತರಿಸಿಕೊಳ್ಳಿ. ಇನ್ನೊಂದು, ಕತ್ತರಿಸಿದ ಲೆದರ್ ನೀರಿಗೆ ವಿಷ ಬಿಡುತ್ತದೆ. ನೆರೆಯವರನ್ನು ದೂರ ಇಡಲಿಕ್ಕೆ ಅದು ಮಾಡಿಕೊಂಡ ಉಪಾಯ. ಗಟ್ಟಿ ಹವಳ ಹತ್ತಿರ ಇದ್ದರೆ ಅವು ಸೊರಗುತ್ತವೆ. ಆ ವಿಷ ಹೀರಲಿಕ್ಕೆ ಫಿಲ್ಟರಿಗೆ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಇವತ್ತೇ ಹಾಕಿ. ನೀರು 10-15 ಪರ್ಸೆಂಟ್ ಬದಲಿಸಿದರೆ ಸಾಕು, ಅರ್ಧ ಅಲ್ಲ. ಹೊಸ ನೀರನ್ನು 1.022ರ ಹತ್ತಿರ ಕಲಸಿ. ಆಮೇಲೆ ಆವಿಯಾದ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತಾ ಹೋದರೆ ತಾನೇ ಮೆಲ್ಲ ಏರುತ್ತದೆ. 1.025 ಬಂದ ಮೇಲೆ ಮತ್ತೆ ಸಿಹಿನೀರು.

ಮಣಿಪಾಲ ಹೊಸಬ
ಕತ್ತರಿಸುವಾಗ ಒಂದು ಒಳ್ಳೆ ತುಂಡು ಸಿಕ್ಕಿದರೆ ಸೂಪರ್‌ಗ್ಲೂ ಹಾಕಿ ಕಲ್ಲಿಗೆ ಅಂಟಿಸಬಹುದಲ್ಲ? ಹವಳದ ಬಂಧು ಝೋವಾ ಉಂಟಲ್ಲ, ಅದನ್ನು ನಾನು ಹಾಗೇ ಅಂಟಿಸಿದ್ದು.

ಕಾಪು ಲೈಟ್‌ಹೌಸ್
ಲೆದರ್ ಲೋಳೆ ಬಿಡುತ್ತದೆ, ಗಂಟೆಯಲ್ಲಿ ಜಾರಿ ಬೀಳುತ್ತದೆ. ಸಣ್ಣ ಕಲ್ಲಿನ ಮೇಲೆ ತುಂಡು ಇಟ್ಟು, ಮೇಲಿಂದ ತೆಳು ನೆಟ್ ಬಟ್ಟೆ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ. ಬಿಗಿ ಬೇಡ. ಎರಡು ಮೂರು ವಾರದಲ್ಲಿ ಅದೇ ಹಿಡಿದುಕೊಳ್ಳುತ್ತದೆ. ಝೋವಾ ಬರಿಗೈಯಲ್ಲಿ ಕತ್ತರಿಸಿಲ್ಲ ತಾನೇ? ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಇರುತ್ತದೆ, ಮನುಷ್ಯರಿಗೂ ಆಗುವುದಿಲ್ಲ.

ಮಲ್ಪೆ ಅಲೆ
ನೆಟ್‌ಗೆ ಹಳೇ ಸೊಳ್ಳೆ ಪರದೆ ತುಂಡು ಸಾಕು.

ಉಪ್ಪು 35
ಔಷಧಿ ಹಚ್ಚಿದ ಪರದೆ ಆದರೆ ಟ್ಯಾಂಕಿನ ಸಿಗಡಿ, ಏಡಿ ಎಲ್ಲ ಮುಗಿಯಿತು. ಸೊಳ್ಳೆಗೆ ಹಾಕುವ ಪರ್ಮೆಥ್ರಿನ್ ಅವಕ್ಕೂ ಅಷ್ಟೇ ವಿಷ. ಬಟ್ಟೆ ಅಂಗಡಿಯಲ್ಲಿ ದುಪಟ್ಟಾ ನೆಟ್ ಕಾಲು ಮೀಟರ್ ತನ್ನಿ.

ಮಣಿಪಾಲ ಹೊಸಬ
ಗ್ಲೌಸ್ ಹಾಕಿದ್ದೆ ಅಕ್ಕ. ಅಕ್ಟೋಬರ್ ಕಳೆದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವ ಅಂತ ಉಂಟು. ಅಲ್ಲಿಂದ ಒಂದು ಸಣ್ಣ ತುಂಡು ತಂದರೆ...

ಕಾಪು ಲೈಟ್‌ಹೌಸ್
ನೋಡಿ ಬನ್ನಿ, ತರಬೇಡಿ. ಗಟ್ಟಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ ಎಲ್ಲ 1972ರ ವನ್ಯಜೀವಿ ಕಾಯ್ದೆಯ ಒಳಗೆ ಬರುತ್ತವೆ. ಹುಲಿಗೆ ಇರುವ ಪಟ್ಟಿಯೇ ಅದಕ್ಕೂ.

ಕದ್ರಿ ಟ್ಯಾಂಕ್
ಇವತ್ತಿಗೆ ಕತ್ತರಿಸಿ 19 ದಿನ. ಮೊದಲ ವಾರ ಸತ್ತಿತು ಅಂತಲೇ ಅಂದುಕೊಂಡೆ. ಎಂಟನೇ ದಿನ ಮೇಣದ ಸಿಪ್ಪೆ ದೊಡ್ಡ ತುಂಡಾಗಿ ಎದ್ದು ಬಂತು. ಕತ್ತರಿಸಿದ ಅಂಚು ಒಳಕ್ಕೆ ಸುರುಟಿ ಮುಚ್ಚಿಕೊಂಡಿದೆ. ನಿನ್ನೆ ಸಂಜೆ ಆಚೆ ಬದಿಯಲ್ಲಿ ಪಾಲಿಪ್ ಬಂದವು, ಎಣಿಸಿದೆ, ಹದಿನಾಲ್ಕು. ಕೊಡೆ ಈಗ ಅರ್ಧ ಚಂದ್ರ. ನೆಟ್ ಕೆಳಗೆ ಇಟ್ಟ ತುಂಡು ಕಲ್ಲಿಗೆ ಹಿಡಿದಿದೆ ಅನಿಸುತ್ತದೆ, ಬಿಚ್ಚಿ ನೋಡಲಿಕ್ಕೆ ಧೈರ್ಯ ಇಲ್ಲ. ಉಪ್ಪು 1.025ಕ್ಕೆ ಬಂದು ನಿಂತಿದೆ, ಈ ಸಲ ನಿಜವಾಗಿ. ಮೇಲಿನ ಕಲ್ಲುಗಳನ್ನೆಲ್ಲ ಎಪಾಕ್ಸಿ ಹಾಕಿ ಕೂರಿಸಿದೆ.

ಕಾಪು ಲೈಟ್‌ಹೌಸ್
ಬಿಚ್ಚಬೇಡಿ. ಇನ್ನೊಂದು ವಾರ.

ಮಲ್ಪೆ ಅಲೆ
ಸಂತೋಷ ಆಯಿತು. ಫೆಬ್ರವರಿಯಲ್ಲಿ ನನ್ನ ನೀರು ಒಂದು ಕ್ಯಾನ್ ಕದ್ರಿಗೆ ಕಳಿಸುತ್ತೇನೆ, ಆಗ ನೋಡುವ ಯಾರ ಮಾತು ಸರಿ ಅಂತ.

ಉಪ್ಪು 35
ಕಳಿಸಿ. ಅಳೆಯಲಿಕ್ಕೆ ನಾನೇ ಬರುತ್ತೇನೆ, ಮೀಟರ್ ನನ್ನದು.

ಕದ್ರಿ ಟ್ಯಾಂಕ್
ಬನ್ನಿ. ಅವತ್ತು ಅಂಜಲ್ ಮಾಡಲಿಕ್ಕೆ ಅಮ್ಮನಿಗೆ ಹೇಳುತ್ತೇನೆ.