ಬಿಎಸ್ಸಿ ಆನರ್ಸ್, ಇನ್‌ಸ್ಪೈರ್ ಸ್ಕಾಲರ್‌ಶಿಪ್: ಅನುಭವ ಇದ್ದವರು ಹೇಳಿ

ಶಿರಸಿ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿ 97% ಬಂದಿದೆ. ಎಂಜಿನಿಯರಿಂಗ್ ಬೇಡ, ಫಿಸಿಕ್ಸೇ ಓದೋದು ಅಂತ ಹಟ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿಎಸ್ಸಿ ಆನರ್ಸ್‌ಗೆ ಸೀಟು ಸಿಕ್ಕಿದೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಇಲ್ಲೇ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷದ ಬಿಎಸ್ಸಿ ಮಾಡಿಸಿದರೆ ಖರ್ಚೇ ಇಲ್ಲ ಅನ್ನಬಹುದು. ಇನ್‌ಸ್ಪೈರ್ ಸ್ಕಾಲರ್‌ಶಿಪ್ (ಮೂಲ ವಿಜ್ಞಾನ ಓದೋರಿಗೆ ಕೇಂದ್ರ ಸರ್ಕಾರ ಕೊಡೋದು) ನಂಬಿಕೊಂಡು ಕಳಿಸಬಹುದಾ? ಅವಳಿಗೆ ಆಸ್ತಮಾ ಬೇರೆ ಇದೆ, ಅದೂ ಒಂದು ಚಿಂತೆ.

ತುಮಕೂರು 2021
ಆನರ್ಸ್ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಮಗ 2021ರ ಬ್ಯಾಚ್. ನಾಲ್ಕು ವರ್ಷದ ಆನರ್ಸ್ ತಂದ ಹೊಸ ಶಿಕ್ಷಣ ನೀತಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಅಂತ ಆಗ ಏನು ಡಂಗುರ! ಸೆಮಿಸ್ಟರ್ ಅರ್ಧ ಆದರೂ ಪುಸ್ತಕ ಇಲ್ಲ. ಫಿಸಿಕ್ಸ್ ಓದೋ ಹುಡುಗನನ್ನು ಓಪನ್ ಎಲೆಕ್ಟಿವ್ ಅಂತ ಕಾಮರ್ಸ್ ಕ್ಲಾಸಿನಲ್ಲಿ ಕೂರಿಸಿದರು. ಹೇಗೋ ಮೂರು ವರ್ಷ ತಳ್ಳಿದ. ಅಷ್ಟರಲ್ಲಿ 2024ರ ಮೇ ತಿಂಗಳಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಬಂತು. ಇವನ ಬ್ಯಾಚಿನವರು ಬೇಕಿದ್ದರೆ ನಾಲ್ಕನೇ ವರ್ಷ ಓದಬಹುದು ಅಂದರು. ಓದೋಕೆ ಕ್ಲಾಸು ನಡೀಬೇಕಲ್ಲ? ಪ್ರಿನ್ಸಿಪಾಲರು "ನಾಲ್ಕು ಜನಕ್ಕೆ ಗೆಸ್ಟ್ ಲೆಕ್ಚರರ್ ಎಲ್ಲಿಂದ ತರಲಿ, ಟಿಸಿ ತಗೊಂಡು ಬೇರೆ ಕಡೆ ನೋಡಿ" ಅಂದುಬಿಟ್ಟರು.

ಬೇರೆ ಕಡೆ ಅಂದರೆ ಬೆಂಗಳೂರು. ಪಿಜಿ ಬಾಡಿಗೆ ತಿಂಗಳಿಗೆ 8,500, ಅಡ್ವಾನ್ಸ್ 15,000. ಅದರಲ್ಲಿ ಪೇಂಟಿಂಗ್ ಅಂತ 4,000 ಮುರಿದುಕೊಂಡರು, ಗೋಡೆಗೆ ಒಂದು ಮೊಳೆ ಹೊಡೆದವನಲ್ಲ ನನ್ನ ಮಗ. ಕಾಲೇಜಿನವರು ಅಡ್ಮಿಷನ್ ಫೀ, ಎಲಿಜಿಬಿಲಿಟಿ ಫೀ, ಲ್ಯಾಬ್ ಫೀ, ಡೆವಲಪ್‌ಮೆಂಟ್ ಫೀ ಅಂತ ಬೇರೆ ಬೇರೆ ರಸೀದಿ ಕೊಟ್ಟರು. ಡೆವಲಪ್‌ಮೆಂಟ್ ಯಾರದ್ದು ಅಂತ ಕೇಳಬೇಡಿ. ಆನರ್ಸ್ ಆದವರಿಗೆ ಎಂಎಸ್ಸಿ ಒಂದೇ ವರ್ಷ ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಯುಜಿಸಿ ಹೇಳುತ್ತದೆ. ನಾವು ಹೋಗಿ ಕೇಳಿದ ಕಡೆಯಲ್ಲೆಲ್ಲ ಆ ಒಂದು ವರ್ಷದ ಕೋರ್ಸೇ ಶುರುವಾಗಿರಲಿಲ್ಲ. ಕೊನೆಗೆ ಎರಡು ವರ್ಷದ್ದಕ್ಕೇ ಸೇರಿದ. ಜೊತೆಯಲ್ಲಿದ್ದ ಹುಡುಗರು ಮೂರು ಪ್ಲಸ್ ಎರಡು, ಐದಕ್ಕೆ ಮುಗಿಸುತ್ತಾರೆ. ನಮ್ಮವನಿಗೆ ಆರು.

ಮೈಸೂರು ಆನರ್ಸ್
ಸರ್, ನಿಮ್ಮ ಮಗನ ಕಾಲೇಜು ಸರಿ ಇಲ್ಲದ್ದಕ್ಕೆ ಆನರ್ಸನ್ನೇ ಬೈದರೆ ಹೇಗೆ? ನಾನು 2022ರಲ್ಲಿ ಸೇರಿದವಳು, ಸ್ವಾಯತ್ತ ಕಾಲೇಜು (ಪಠ್ಯ, ಪರೀಕ್ಷೆ ಅವರದ್ದೇ), ಈಗ ಎಂಟನೇ ಸೆಮಿಸ್ಟರ್. ಮೊದಲ ಆರು ಸೆಮಿಸ್ಟರ್‌ನಲ್ಲಿ 75% ಮೇಲೆ ಬಂದರೆ ನಾಲ್ಕನೇ ವರ್ಷ ಸಂಶೋಧನೆ ಇರೋ "ಆನರ್ಸ್ ವಿತ್ ರಿಸರ್ಚ್" ತಗೋಬಹುದು. ನಾನು ತಗೊಂಡೆ. ನಾಲ್ಕು ವರ್ಷಕ್ಕೂ ಸೇರಿ 75% ಉಳಿಸಿಕೊಂಡರೆ ಎಂಎಸ್ಸಿ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು, 2022ರ ಯುಜಿಸಿ ನಿಯಮದಲ್ಲೇ ಇದೆ. ಅಂದರೆ ನನಗೆ ಒಂದು ವರ್ಷ ಉಳಿತಾಯ, ದಂಡ ಅಲ್ಲ. ನಮ್ಮ ಸೋದರಮಾವನಿಂದ ಹಿಡಿದು ಪಕ್ಕದ ಮನೆ ಆಂಟಿವರೆಗೆ ಎಲ್ಲರೂ "ಬಿಎಸ್ಸಿ ಮಾಡಿ ಏನ್ ಮಾಡ್ತೀಯಾ" ಅಂತ ನಾಲ್ಕು ವರ್ಷ ತಲೆ ತಿಂದರು, ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಇನ್‌ಸ್ಪೈರ್ ವಿಷಯ. ವರ್ಷಕ್ಕೆ 80,000 ಅಂತ ಎಲ್ಲರೂ ಕುಣಿಯುತ್ತಾರೆ. ಕೈಗೆ ಬರೋದು 60,000. ಉಳಿದ 20,000 ಬೇಸಿಗೆ ಪ್ರಾಜೆಕ್ಟಿಗೆ, ಅದಕ್ಕೆ ಒಬ್ಬ ಗೈಡ್ ಒಪ್ಪಬೇಕು, ವರದಿ ಬರೆಯಬೇಕು, ಅವರ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಬೇಕು. ನನ್ನ ಪ್ರಾಜೆಕ್ಟ್ ಥಿನ್ ಫಿಲ್ಮ್ (ತೆಳು ಪದರ) ಮೇಲೆ. ಬೇರೆ ಊರಿನ ಲ್ಯಾಬ್, ರೂಮು, ಓಡಾಟ ಎಲ್ಲ ಮೊದಲು ಅಪ್ಪನ ಜೇಬಿನಿಂದ. ಆಮೇಲೆ ಕಾಲೇಜಿನ ಸೀಲು! ಪ್ರಿನ್ಸಿಪಾಲ್ ಬದಲಾಗಿದ್ದರು, ಹೊಸಬರಿಗೆ ಈ ಫಾರ್ಮು ಏನಂತಲೇ ಗೊತ್ತಿಲ್ಲ, ಕ್ಲರ್ಕ್ ಫೈಲನ್ನು ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಗಡಿಬಿಡಿಯಲ್ಲಿ ಎಲ್ಲೋ ಇಟ್ಟು ಮರೆತರು. ಆ ವರ್ಷದ ಹಣ ಬಂದದ್ದು ಮುಂದಿನ ವರ್ಷದ ಫೀಸು ಕಟ್ಟಿ ಆದಮೇಲೆ. ಸ್ಕಾಲರ್‌ಶಿಪ್ ನಂಬಿ ಫೀಸು ಕಟ್ಟೋಕೆ ಆಗಲ್ಲ, ಕಟ್ಟಿದ ಫೀಸು ಎಂದೋ ವಾಪಸ್ ಬರುತ್ತದೆ ಅಷ್ಟೇ.

ತುಮಕೂರು 2021
ಸ್ವಾಯತ್ತ ಕಾಲೇಜು ಅಂತ ನೀವೇ ಹೇಳಿದಿರಲ್ಲಮ್ಮ. ನಮ್ಮಂಥ ಊರಿನ ಮಕ್ಕಳಿಗೆ ಆ ಭಾಗ್ಯ ಎಲ್ಲಿ? ಸುಮ್ನೆ ಉಪದೇಶ ಬೇಡ.

ಹಾಸನ ಗೌಡ್ರು
ಇವರಿಬ್ಬರ ಜಗಳ ಇರಲಿ. ನಾನು ಹೇಳೋದು ಹೆಸರಿನ ವಿಷಯ. ನನ್ನ ಮಗಳು ಬೋರ್ಡಿನ ಟಾಪ್ 1% ಒಳಗೆ ಬಂದವಳು, ಇನ್‌ಸ್ಪೈರ್ ಪಟ್ಟಿಯಲ್ಲೂ ಬಂದಳು. ಆಮೇಲೆ ಶುರುವಾಯಿತು ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹೆಸರಿನ ಹಿಂದೆ. ಆಧಾರಿನಲ್ಲಿ ಇನಿಶಿಯಲ್ ಬಿಡಿಸಿ ನನ್ನ ಪೂರ್ತಿ ಹೆಸರು. ಪಾಸ್‌ಬುಕ್ಕಿನಲ್ಲಿ ಊರಿನ ಹೆಸರೂ ಸೇರಿ ಮೂರು ತುಂಡು. ಕಂಪ್ಯೂಟರಿನ ಲೆಕ್ಕದಲ್ಲಿ ನನಗೆ ಮೂರು ಹೆಣ್ಣುಮಕ್ಕಳು.

ಮೊದಲು ಆಧಾರ್ ತಿದ್ದುಪಡಿ. ಅದಕ್ಕೆ ಮಾರ್ಕ್ಸ್ ಕಾರ್ಡ್ ಸಾಕು ಅಂದರು, ಆಮೇಲೆ ಸಾಲದು ಅಂದರು. ಛಾಪಾ ಕಾಗದ, ಟೈಪಿಂಗ್, ನೋಟರಿ ಸೇರಿ 650. ಬ್ಯಾಂಕಿನವರು ಹಳೇ ಅಕೌಂಟು ಮೈನರ್ ಅಕೌಂಟು, ಹೊಸದು ತೆರೀರಿ ಅಂದರು. ಹೊಸದು ತೆರೆದರೆ ಆಧಾರ್ ಹಳೇದಕ್ಕೇ ಲಿಂಕ್ ಆಗಿ ಕೂತಿದೆ. ಅದನ್ನು ಬಿಡಿಸಿ ಇದಕ್ಕೆ ಹಾಕೋಕೆ ಮ್ಯಾನೇಜರ್ ರಜೆ. ದುಡ್ಡು ವಾಪಸ್ ಹೋಯಿತು. ಮತ್ತೆ ಬರೋ ಹೊತ್ತಿಗೆ ಮಗಳು ಕೊನೇ ವರ್ಷದಲ್ಲಿದ್ದಳು. ಹಾಗಾಗಿ ಸೀಟು ಗೀಟು ಆಮೇಲೆ, ಮೊದಲು ಈ ಮೂರು ಕಾಗದ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ.

ಬೆಳಗಾವಿ ಕಾಕಾ
97% ತೆಗೆದವಳಿಗೆ ಬಿಎಸ್ಸಿ ಯಾಕ್ರೀ? ಸಿಇಟಿಯಲ್ಲಿ ಒಳ್ಳೇ ರ‍್ಯಾಂಕ್ ಬಂದಿರಬೇಕಲ್ಲ. ನನ್ನ ಮಗ ಕಂಪ್ಯೂಟರ್ ಸೈನ್ಸ್, ಸರ್ಕಾರಿ ಕೋಟಾ, ಕ್ಯಾಂಪಸ್‌ನಲ್ಲೇ ಕೆಲಸ. ಈಗ ಮನೆ ಸಾಲ ಅವನೇ ಕಟ್ಟುತ್ತಾನೆ. ಇಷ್ಟೆಲ್ಲ ಓದಿ 60,000ಕ್ಕೆ ಕೈ ಚಾಚೋದು ಮರ್ಯಾದೆಯಾ?

ಮೈಸೂರು ಆನರ್ಸ್
ಕಾಕಾ, ಕೈ ಚಾಚೋದಲ್ಲ, ಮೆರಿಟ್ ಮೇಲೆ ಕೊಡೋದು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 12,000 ಜನಕ್ಕೆ. ಎಂಜಿನಿಯರಿಂಗ್‌ಗೆ ಇಲ್ಲ, ಬಿಸಿಎಗೆ ಇಲ್ಲ, ಮೂಲ ವಿಜ್ಞಾನಕ್ಕೆ ಮಾತ್ರ. ಎಲ್ಲರೂ ಕೋಡಿಂಗಿಗೇ ಹೋದರೆ ನಾಳೆ ನಿಮ್ಮ ಮೊಮ್ಮಗನಿಗೆ ಪಿಯುಸಿ ಫಿಸಿಕ್ಸ್ ಹೇಳಿಕೊಡೋರು ಯಾರು?

ಬೆಳಗಾವಿ ಕಾಕಾ
ಟ್ಯೂಷನ್ ಇದೆಯಲ್ಲ.

ಟೀಚರಮ್ಮ
ಹೇಳಿಕೊಡೋರ ಮಾತು ಬಂತು ಅಂತ ಬರೆದೆ. ನಾನು ಶಿಕ್ಷಕರನ್ನು ತಯಾರು ಮಾಡೋ ಕೇಂದ್ರದ ಸಂಸ್ಥೆ, ಮೈಸೂರಿನ ಆರ್‌ಐಇಯಲ್ಲಿ ಬಿಎಸ್ಸಿ ಬಿಎಡ್ ಓದಿದವಳು. ನಾಲ್ಕೇ ವರ್ಷಕ್ಕೆ ಎರಡೂ ಡಿಗ್ರಿ. ಈಗ ಅದಕ್ಕೆ ಎನ್‌ಸಿಇಟಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಆನರ್ಸ್ ಮಾಡಿ ಆಮೇಲೆ ಎರಡು ವರ್ಷ ಬಿಎಡ್ ಮಾಡಿದ ನನ್ನ ತಂಗಿ ಇನ್ನೂ ಕೆಲಸ ಹುಡುಕುತ್ತಿದ್ದಾಳೆ. ನಾನು ಖಾಯಂ ಆಗಿ ಎಷ್ಟೋ ವರ್ಷ ಆಯಿತು. ಯಾರೂ ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಅದು ಬೇರೆ ಮಾತು.

ಕೋಲಾರ ಹುಡುಗ
ಇನ್‌ಸ್ಪೈರ್ ಸಿಗದವರಿಗೆ ಕೇಂದ್ರದ್ದೇ ಇನ್ನೊಂದು ಸ್ಕಾಲರ್‌ಶಿಪ್ ಪಿಎಂ ಯುಎಸ್‌ಪಿ ಇದೆ. ಬೋರ್ಡಿನಲ್ಲಿ 80 ಪರ್ಸೆಂಟೈಲ್ ಮೇಲೆ, ಅಂದರೆ ಮೇಲಿನ 20% ಜನರಲ್ಲಿ ಇರಬೇಕು, ಮನೆಯ ಆದಾಯ 4.5 ಲಕ್ಷದ ಒಳಗೆ. ಡಿಗ್ರಿಗೆ ವರ್ಷಕ್ಕೆ 12,000. ಬೇರೆ ಸ್ಕಾಲರ್‌ಶಿಪ್ ತಗೊಂಡರೆ ಇದು ಇಲ್ಲ. ನನಗೆ ಇದರಿಂದಲೇ ಬಸ್ ಪಾಸು, ಪುಸ್ತಕ ಎಲ್ಲ ನಡೆಯಿತು. ಆದರೆ ಶಿರಸಿಯವರಿಗೆ ಯಾಕೆ ಬೇಕು ಇದು? ಅಡಿಕೆ ತೋಟ ಇಟ್ಟುಕೊಂಡು ಆದಾಯ ಪ್ರಮಾಣಪತ್ರದಲ್ಲಿ 40,000 ಅಂತ ಬರೆಸುತ್ತೀರಿ, ಅಲ್ವಾ? ಕೂಲಿ ಮಾಡೋ ನಮ್ಮ ಅಪ್ಪನ ಪತ್ರದಲ್ಲಿ 72,000 ಇದೆ.

ಹಾಸನ ಗೌಡ್ರು
ಏ ತಮ್ಮ, ತೋಟ ಇದ್ದವರೆಲ್ಲ ಕುಬೇರರಲ್ಲ. ಕೊಳೆ ರೋಗ, ಎಲೆಚುಕ್ಕಿ ರೋಗ ಬಂದು ಮಲೆನಾಡಿನ ತೋಟಗಳು ಏನಾಗಿವೆ ನೋಡಿದ್ದೀಯಾ? ನನಗೂ ಸ್ವಲ್ಪ ಇದೆ. ಔಷಧಿ ಹೊಡೆಯೋಕೆ ಆಳು ಸಿಗಲ್ಲ.

ಕೋಲಾರ ಹುಡುಗ
ರೇಟು ಏರಿದಾಗ ಯಾರೂ ರೋಗದ ಮಾತು ಎತ್ತಲಿಲ್ಲ ಗೌಡ್ರೇ. ರೈತರ ಮಕ್ಕಳ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ ಬಂದಾಗಲೂ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದ್ದವರಿಗೆ ಸಿಕ್ಕಿತು. ಬಿಎಸ್ಸಿ ಹುಡುಗಿಯರಿಗೆ 5,500, ಹುಡುಗರಿಗೆ 5,000. ಜಮೀನೇ ಇಲ್ಲದ ನಮ್ಮ ಮನೆಯಲ್ಲಿ ಎಫ್‌ಐಡಿ ಎಲ್ಲಿಂದ ಬರಬೇಕು?

ಹಾಸನ ಗೌಡ್ರು
ಕಾರ್ಮಿಕರ ಮಕ್ಕಳಿಗೂ ಬೇರೆ ಇದ್ದಾವೆ, ನೀನು ಅರ್ಜಿ ಹಾಕಿಲ್ಲ ಅಂದರೆ ಅದು ನನ್ನ ತಪ್ಪಾ?

ಶಿರಸಿ ಅಪ್ಪ
ಸ್ವಾಮಿ, ತೋಟ ನಮ್ಮದಲ್ಲ. ನಾನು ಸೊಸೈಟಿಯಲ್ಲಿ ಗುಮಾಸ್ತ. ತೋಟದ ಮಾತು ನಾನು ಎತ್ತಲೇ ಇಲ್ಲ. ಮೈಸೂರಿನ ಆನರ್ಸ್ ಅಮ್ಮ ಹೇಳಿದ್ದು ಮನಸ್ಸಿಗೆ ಬಂತು. ವಿಶ್ವವಿದ್ಯಾಲಯದವರು ಬರೋ ಸೋಮವಾರದೊಳಗೆ ಮೊದಲ ಕಂತು ಕಟ್ಟಿ ಅಂತಿದ್ದಾರೆ. ಕಟ್ಟಿ ಆಮೇಲೆ ಬೇಡ ಅಂದರೆ ವಾಪಸ್ ಕೊಡುತ್ತಾರಾ?

ತುಮಕೂರು 2021
ಕೊಡುತ್ತಾರೆ ಅಂತ ಬಾಯಲ್ಲಿ ಹೇಳುತ್ತಾರೆ. ಬರವಣಿಗೆಯಲ್ಲಿ ತಗೊಳ್ಳಿ. ಮತ್ತೆ ನಾಲ್ಕನೇ ವರ್ಷ ಫಿಸಿಕ್ಸ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ, ಪಾಠಕ್ಕೆ ಖಾಯಂ ಮೇಷ್ಟ್ರು ಎಷ್ಟು ಜನ, ಅದನ್ನೂ ಕೇಳಿ. ಬ್ರೋಷರ್ ತೋರಿಸಿದರೆ ಎದ್ದು ಬನ್ನಿ.

ಮೈಸೂರು ಆನರ್ಸ್
ಇದೊಂದನ್ನು ಸರ್ ಸರಿಯಾಗಿ ಹೇಳಿದರು.

ತುಮಕೂರು 2021
ಉಳಿದದ್ದೂ ಸರಿಯೇ ಇದೆ. ನಿಮಗೆ ಒಂದು ವರ್ಷದ ಎಂಎಸ್ಸಿ ಎಲ್ಲಾದರೂ ಕಂಡರೆ ಇಲ್ಲೇ ಹಾಕಿ, ನೋಡೋಣ.