ಟ್ಯಾಲಿಪ್ರೈಮ್: ಹಪ್ಪಳ ಒಟ್ಟು ಎಷ್ಟಿದೆ ಅಂತ ಒಂದೇ ಕಡೆ ಕಾಣಿಸುತ್ತಿಲ್ಲ, ಸ್ಟಾಕ್ ಗ್ರೂಪ್ ಹೇಗೆ ಮಾಡಬೇಕು?

ಡೊಂಬಿವಲಿ_ಅಂಗಡಿ

ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದು ಊರಿನ ಸಾಮಾನಿನ ಅಂಗಡಿ. ಕುಚ್ಚಲಕ್ಕಿ, ಕೋರಿ ರೊಟ್ಟಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಕಾಫಿ ಪುಡಿ ಎಲ್ಲಾ ಇಟ್ಟಿದ್ದೇವೆ. ಆರೇಳುನೂರು ಐಟಂ ಇರಬಹುದು. ಲೆಕ್ಕ ಬರೆಯುವುದು ಟ್ಯಾಲಿಪ್ರೈಮ್ ಸಾಫ್ಟ್‌ವೇರ್‌ನಲ್ಲಿ.

ಮೊದಲು ಲೆಕ್ಕ ಬರೆಯುತ್ತಿದ್ದವರು ಸ್ಟಾಕ್ ಗ್ರೂಪ್‌ಗಳನ್ನೆಲ್ಲ ಕಂಪನಿ ಹೆಸರಲ್ಲಿ ಮಾಡಿದ್ದಾರೆ. ಒಂದೊಂದು ಗ್ರೂಪ್ ಒಳಗೆ ಆ ಕಂಪನಿಯ ಹಪ್ಪಳ, ಉಪ್ಪಿನಕಾಯಿ, ಪುಡಿ ಎಲ್ಲಾ ಒಟ್ಟಿಗೆ. ದೀಪಾವಳಿಗೆ ಊರಿಗೆ ಆರ್ಡರ್ ಹೇಳಬೇಕು. ಹಪ್ಪಳ ಒಟ್ಟು ಎಷ್ಟಿದೆ ಅಂತ ನೋಡಲು ಹೋದರೆ ಪ್ರತಿಯೊಂದು ಗ್ರೂಪ್ ತೆರೆದು ಕೈಯಲ್ಲಿ ಕೂಡಿಸಬೇಕು. ಸ್ಟಾಕ್ ಸಮ್ಮರಿಯಲ್ಲಿ ಗ್ರೂಪ್ ಎದುರು ಹಣ ಬರುತ್ತದೆ, ಕ್ವಾಂಟಿಟಿ ಜಾಗ ಖಾಲಿ.

ಹಾಗಂತ ಕಂಪನಿವಾರು ಲೆಕ್ಕ ಬೇಡ ಅನ್ನುವಂತಿಲ್ಲ. ಸಪ್ಲೈಯರ್ ಹತ್ತಿರ ಮಾತಾಡುವಾಗ ಅದೇ ಬೇಕು. ಎರಡೂ ಸಿಗುವ ಹಾಗೆ ಮಾಡಬಹುದಾ? ಗ್ರೂಪ್ ಬದಲಿಸಿದರೆ ಹಳೆ ಬಿಲ್‌ಗಳಿಗೆ ಏನಾದರೂ ಆಗುತ್ತದಾ?

ಮಾಟುಂಗಾ_ಲೆಕ್ಕಿಗ

ಎರಡೂ ಸಿಗುತ್ತದೆ. ಟ್ಯಾಲಿಯಲ್ಲಿ ಇದಕ್ಕೆ ಸ್ಟಾಕ್ ಗ್ರೂಪ್ ಬೇರೆ, ಸ್ಟಾಕ್ ಕೆಟಗರಿ ಬೇರೆ ಅಂತ ಎರಡು ಇವೆ. ಗ್ರೂಪ್ ಅಂದರೆ ಡಬ್ಬಿ ಇಡುವ ಶೆಲ್ಫ್, ಕೆಟಗರಿ ಅಂದರೆ ಡಬ್ಬಿಯ ಮೇಲೆ ಅಂಟಿಸುವ ಚೀಟಿ. ಒಂದು ಐಟಂ ಒಂದೇ ಗ್ರೂಪ್‌ನಲ್ಲಿರುತ್ತದೆ. ಕೆಟಗರಿ ಆ ಗ್ರೂಪ್‌ಗೆ ಸಂಬಂಧವೇ ಇಲ್ಲದೆ ಅಡ್ಡಡ್ಡ ಹೋಗುತ್ತದೆ. ನಿಮಗೆ ನನ್ನ ಸಲಹೆ: ಸಾಮಾನಿನ ಜಾತಿ ಗ್ರೂಪ್ ಆಗಲಿ, ಕಂಪನಿ ಕೆಟಗರಿ ಆಗಲಿ.

ಕ್ರಿಯೇಟ್‌ಗೆ ಹೋಗಿ ಸ್ಟಾಕ್ ಕೆಟಗರಿ ಅಂತ ಟೈಪ್ ಮಾಡಿ. ಆ ಸೌಲಭ್ಯ ಆನ್ ಆಗಿಲ್ಲದಿದ್ದರೆ ಆನ್ ಮಾಡಲಾ ಅಂತ ಅದೇ ಕೇಳುತ್ತದೆ, ಯೆಸ್ ಕೊಡಿ. ಆಮೇಲೆ ಐಟಂ ಮಾಸ್ಟರ್‌ನಲ್ಲಿ (ಐಟಂನ ವಿವರ ತುಂಬುವ ಪುಟ) ಕೆಟಗರಿ ಅಂತ ಒಂದು ಸಾಲು ಬರುತ್ತದೆ. ವರದಿ ಬೇಕಾದಾಗ ಆಲ್ಟ್+ಜಿ ಒತ್ತಿ ಸ್ಟಾಕ್ ಕೆಟಗರಿ ಅಂತ ಹುಡುಕಿದರೆ ಸಾಕು.

ಜಾತಿಯೇ ಗ್ರೂಪ್ ಆಗಲಿ ಅನ್ನುವುದಕ್ಕೆ ದೊಡ್ಡ ಕಾರಣ ಜಿಎಸ್‌ಟಿ. ಎಚ್‌ಎಸ್‌ಎನ್ (ತೆರಿಗೆಗಾಗಿ ಸಾಮಾನಿಗೆ ಕೊಡುವ ಕೋಡ್) ಮತ್ತು ದರ ಎರಡನ್ನೂ ಗ್ರೂಪ್ ಮಟ್ಟದಲ್ಲೇ ಹಾಕಬಹುದು. ಹಪ್ಪಳಕ್ಕೆ ತೆರಿಗೆ ಇಲ್ಲ. ಉಪ್ಪಿನಕಾಯಿಗೆ 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5%. ಇವೆರಡೂ ಒಂದೇ ಕಂಪನಿಯ ಗ್ರೂಪ್‌ನಲ್ಲಿ ಕೂತಿದ್ದರೆ ದರ ಬದಲಾದಾಗಲೆಲ್ಲ ಒಂದೊಂದೇ ಐಟಂ ತೆರೆದು ತಿದ್ದಬೇಕು. ಉಪ್ಪಿನಕಾಯಿ ಅಂತಲೇ ಒಂದು ಗ್ರೂಪ್ ಇದ್ದರೆ ಒಂದೇ ಕಡೆ ತಿದ್ದಿ, ಜಾರಿ ದಿನಾಂಕ ಹಾಕಿದರೆ ಮುಗಿಯಿತು. ನೆನಪಿರಲಿ, ಐಟಂನಲ್ಲಿ ದರ ಬೇರೆ ಹಾಕಿದ್ದರೆ ಟ್ಯಾಲಿ ಅದನ್ನೇ ಹಿಡಿಯುತ್ತದೆ, ಗ್ರೂಪ್‌ನದನ್ನಲ್ಲ.

ಹಳೆ ಬಿಲ್‌ನಲ್ಲಿರುವುದು ಐಟಂ, ಗ್ರೂಪ್ ಅಲ್ಲ. ಹಾಗಾಗಿ ಅದರ ಕ್ವಾಂಟಿಟಿ, ಮೊತ್ತ ಬದಲಾಗುವುದಿಲ್ಲ. ಆದರೆ ಈಗಿರುವ ಕಂಪನಿ ಗ್ರೂಪ್‌ಗಳಲ್ಲಿ ಯಾವುದಾದರೂ ದರ ಹಾಕಿದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಹಾಕಿದ್ದರೆ, ಐಟಂ ಅಲ್ಲಿಂದ ಎತ್ತಿದ ಕೂಡಲೇ ಆ ದರ ಕೈತಪ್ಪುತ್ತದೆ. ಬ್ಯಾಕಪ್ ತೆಗೆಯದೆ ಕೈ ಹಾಕಬೇಡಿ.

ಇನ್ನು ಖಾಲಿ ಕ್ವಾಂಟಿಟಿ. ಗ್ರೂಪ್ ಮಾಸ್ಟರ್‌ನಲ್ಲಿ 'ಶುಡ್ ಕ್ವಾಂಟಿಟೀಸ್ ಆಫ್ ಐಟಮ್ಸ್ ಬಿ ಆ್ಯಡೆಡ್' ಅಂತ ಒಂದು ಪ್ರಶ್ನೆ ಇದೆ. ಅಲ್ಲಿ ಯೆಸ್ ಇರಬೇಕು, ಒಳಗಿನ ಐಟಂಗಳ ಯೂನಿಟ್ ಕೂಡ ಒಂದೇ ಇರಬೇಕು. ಕೆಜಿ ಮತ್ತು ಪ್ಯಾಕೆಟ್ ಸೇರಿಸಿ ಕೂಡಿಸಲು ಆಗುವುದಿಲ್ಲ ಅಲ್ವಾ. ನಿಮ್ಮ ಗ್ರೂಪ್‌ಗಳಲ್ಲಿ ಎರಡೂ ಬೆರೆತಿರುತ್ತವೆ.

ವಾಶಿ_ಅಕ್ಕಿ

ಮೇಲಿನವರು ಹೇಳಿದ್ದು ಸರಿ. ಆದರೆ ಎಲ್ಲರಿಗೂ ಅದೇ ಅಂತಲ್ಲ. ನಾವು ಅಕ್ಕಿ ಮಾತ್ರ ಮಾರುತ್ತೇವೆ, ನಮಗೆ ಬ್ರ್ಯಾಂಡೇ ಗ್ರೂಪ್ ಆಗಿರುವುದು ಅನುಕೂಲ. ಹತ್ತಾರು ಜಾತಿ ಸಾಮಾನಿನ ಅಂಗಡಿಗೆ ಅದು ಹೊಂದುವುದಿಲ್ಲ.

ಆರೇಳುನೂರು ಐಟಂ ಒಂದೊಂದೇ ತೆರೆಯಬೇಡಿ. ಚಾರ್ಟ್ ಆಫ್ ಅಕೌಂಟ್ಸ್, ಸ್ಟಾಕ್ ಐಟಮ್ಸ್, ಅಲ್ಲಿ ಆಲ್ಟ್+ಎಚ್ ಒತ್ತಿ ಮಲ್ಟಿ ಆಲ್ಟರ್ ತಗೊಳ್ಳಿ. ಎಲ್ಲಾ ಐಟಂ ಪಟ್ಟಿಯಾಗಿ ಬರುತ್ತದೆ, 'ಅಂಡರ್' ಕಾಲಂನಲ್ಲಿ ಹೊಸ ಗ್ರೂಪ್ ಕೊಡುತ್ತಾ ಹೋಗಿ. ಹೊಸ ಗ್ರೂಪ್‌ಗಳನ್ನು ಮೊದಲೇ ಮಾಡಿಟ್ಟುಕೊಂಡಿರಿ.

ಡೊಂಬಿವಲಿ_ಅಂಗಡಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಪ್ಪಳ, ಉಪ್ಪಿನಕಾಯಿ, ಪುಡಿ ಮೂರೂ ಆಯಿತು. ಹಪ್ಪಳದ ಎದುರು ಈಗ ಒಟ್ಟು ಪ್ಯಾಕೆಟ್ ಬರುತ್ತಿದೆ. ಆದರೆ 200 ಗ್ರಾಂ, 500 ಗ್ರಾಂ ಎರಡೂ ಪ್ಯಾಕೆಟ್ ಅಂತಲೇ ಕೂಡಿಕೊಳ್ಳುತ್ತವೆ. ಇನ್ನೊಂದು, ಕುಚ್ಚಲಕ್ಕಿ. 25 ಕೆಜಿ ಮೂಟೆಯಲ್ಲಿ ಬರುತ್ತದೆ, ಕೆಲವನ್ನು ಹಾಗೇ ಮಾರುತ್ತೇವೆ, ಕೆಲವನ್ನು ಬಿಚ್ಚಿ ಕೆಜಿ ಲೆಕ್ಕದಲ್ಲಿ. ಬಿಡಿ ಅಕ್ಕಿಯ ಸ್ಟಾಕ್ ಯಾವಾಗಲೂ ಮೈನಸ್ ತೋರಿಸುತ್ತದೆ.

ಮಾಟುಂಗಾ_ಲೆಕ್ಕಿಗ

ಹಪ್ಪಳದ ಕೆಳಗೆ ಅಳತೆಗೆ ಒಂದರಂತೆ ಉಪಗ್ರೂಪ್ ಮಾಡಿ. ಗ್ರೂಪ್ ಒಳಗೆ ಗ್ರೂಪ್ ಮಾಡಲು ಟ್ಯಾಲಿ ಬಿಡುತ್ತದೆ. ಬಿಲ್ ಆಗಿರುವ ಐಟಂನ ಯೂನಿಟ್ ಬದಲಿಸಲು ಮಾತ್ರ ಬಿಡುವುದಿಲ್ಲ, ಆ ದಾರಿಗೆ ಹೋಗಬೇಡಿ.

ವಾಶಿ_ಅಕ್ಕಿ

ಅಕ್ಕಿಯ ವಿಷಯ ನಾನು ಹೇಳುತ್ತೇನೆ. ಇದು ತೆರಿಗೆಯ ಪ್ರಶ್ನೆಯೂ ಹೌದು. 2022ರ ಜುಲೈ 18ರಿಂದ, ಲೇಬಲ್ ಹಾಕಿ ಪ್ಯಾಕ್ ಮಾಡಿದ 25 ಕೆಜಿವರೆಗಿನ ಅಕ್ಕಿಗೆ 5% ಇದೆ. ಬಿಡಿ ಅಕ್ಕಿಗೆ ಇಲ್ಲ. 25 ಕೆಜಿ ದಾಟಿದ ಮೂಟೆಗೂ ಇಲ್ಲ. ಆದ್ದರಿಂದ 'ಅಕ್ಕಿ' ಗ್ರೂಪ್ ಕೆಳಗೆ 'ಪ್ಯಾಕ್' ಮತ್ತು 'ಬಿಡಿ' ಅಂತ ಎರಡು ಉಪಗ್ರೂಪ್ ಮಾಡಿ, ದರ ಅಲ್ಲೇ ಹಾಕಿ. ಕುಚ್ಚಲಕ್ಕಿ ಎರಡೂ ಕಡೆ ಬೇರೆ ಬೇರೆ ಐಟಂ ಆಗಿರಲಿ. ಎರಡಕ್ಕೂ ಯೂನಿಟ್ ಕೆಜಿ ಇಟ್ಟು, ಪ್ಯಾಕ್ ಐಟಂಗೆ ಆಲ್ಟರ್ನೇಟ್ ಯೂನಿಟ್ ಮೂಟೆ ಅಂತ ಕೊಡಿ, 1 ಮೂಟೆಗೆ 25 ಕೆಜಿ. ಯೂನಿಟ್ ಒಂದೇ ಆದ್ದರಿಂದ ಅಕ್ಕಿ ಒಟ್ಟು ಎಷ್ಟು ಅನ್ನುವುದೂ ಸಿಗುತ್ತದೆ.

ಮೈನಸ್ ಬರುತ್ತಿರುವುದು ಮೂಟೆ ಬಿಚ್ಚಿದ್ದು ಟ್ಯಾಲಿಗೆ ಗೊತ್ತಿಲ್ಲದ ಕಾರಣ. ಬಿಚ್ಚಿದ ದಿನವೇ ಆಲ್ಟ್+ಎಫ್7 ಒತ್ತಿ ಸ್ಟಾಕ್ ಜರ್ನಲ್ ಹಾಕಿ, ಅಂದರೆ ಒಂದು ಐಟಂನ ಸ್ಟಾಕ್ ಇನ್ನೊಂದಕ್ಕೆ ಹೋದದ್ದರ ನಮೂದು. ಎಡಗಡೆ ಪ್ಯಾಕ್ 25 ಕೆಜಿ ಹೋಯಿತು, ಬಲಗಡೆ ಬಿಡಿ 25 ಕೆಜಿ ಬಂತು. ಚೆಲ್ಲಿದ್ದು, ನುಚ್ಚು ಅಂತ ತೂಕ ಕಡಿಮೆ ಬಂದರೆ ಬಲಗಡೆ ನಿಜವಾದ ತೂಕವನ್ನೇ ಬರೆಯಿರಿ, ಮೊತ್ತ ಹಾಗೇ ಇರಲಿ.

ಬಿಚ್ಚಿ ಮಾರಿದ ಅಕ್ಕಿಗೆ ನೀವು ತೆರಿಗೆ ಹಾಕುವುದಿಲ್ಲ. ಹಾಗಾಗಿ ಆ ಮೂಟೆ ಕೊಂಡಾಗ ಕಟ್ಟಿದ 5%ರ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಹ ನಿಮಗೆ ಸಿಗುವುದಿಲ್ಲ, ವಾಪಸ್ ಮಾಡಬೇಕು. ಎಷ್ಟು ಅಂತ ನಿಮ್ಮ ಸಿಎ ಲೆಕ್ಕ ಹಾಕಲಿ. ಜರ್ನಲ್‌ನ ನರೇಶನ್‌ನಲ್ಲಿ (ಟಿಪ್ಪಣಿ ಬರೆಯುವ ಜಾಗ) ಮೂಟೆ ಕೊಂಡ ಬಿಲ್ ನಂಬರ್ ಬರೆದಿಟ್ಟರೆ ಅವರಿಗೆ ಹುಡುಕುವ ಕೆಲಸ ಇರುವುದಿಲ್ಲ.