ಗ್ರೇಟ್‌ಫುಲ್ ಡೆಡ್ ಲೈವ್: ನೀವು ಪದೇ ಪದೇ ಕೇಳೋ ರಾತ್ರಿ ಯಾವುದು?

ಕಛೇರಿಕಿವಿ:
ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್‌ನ ಸ್ಟುಡಿಯೋ ಆಲ್ಬಂಗಳು ನನಗೆ ಚೆನ್ನಾಗಿ ಗೊತ್ತು. 1970ರ 'ವರ್ಕಿಂಗ್‌ಮನ್ಸ್ ಡೆಡ್', 'ಅಮೆರಿಕನ್ ಬ್ಯೂಟಿ' ಎರಡೂ ತುಂಬಾ ಇಷ್ಟ. ಆದರೆ ಯಾರನ್ನು ಕೇಳಿದರೂ ಅವರನ್ನು ಲೈವ್‌ನಲ್ಲೇ ಕೇಳಬೇಕು ಅನ್ನುತ್ತಾರೆ. ಸರಿ ಅಂತ ಹುಡುಕಲು ಕೂತರೆ ತಲೆ ತಿರುಗುತ್ತದೆ. 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಶೋಗಳು, ಅದರಲ್ಲಿ ಬಹುಪಾಲು ಟೇಪ್ ಆಗಿವೆ, ಒಂದೇ ಶೋಗೆ ನಾಲ್ಕೈದು ರೆಕಾರ್ಡಿಂಗ್ ಬೇರೆ. 'ಟಾಪ್ ಟೆನ್' ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ನೀವು ಬೇರೆಲ್ಲ ಬಿಟ್ಟು ಮತ್ತೆ ಮತ್ತೆ ಹಾಕಿಕೊಳ್ಳುವ ಒಂದು ರಾತ್ರಿ ಯಾವುದು? ಅದರಲ್ಲಿ ಯಾವ ಜಾಗಕ್ಕೆ ಕಿವಿ ಕೊಡಬೇಕು? ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವನು, ಅರ್ಧ ಗಂಟೆ ಒಂದೇ ಹಾಡು ನಡೆದರೂ ತೊಂದರೆ ಇಲ್ಲ.

ನಾಗ್ರಾ77:
ಎಲ್ಲರೂ ಹೇಳುತ್ತಾರೆ ಅನ್ನೋ ಕಾರಣಕ್ಕೆ ಕಾರ್ನೆಲ್ ಬಿಡಬೇಡಿ. 1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ನಾನು ಜಾಸ್ತಿ ಕೇಳೋದು ಇದನ್ನೇ. ಎರಡನೇ ಸೆಟ್‌ನಿಂದ, ಅಂದರೆ ವಿರಾಮದ ನಂತರದ ಭಾಗದಿಂದ ಶುರು ಮಾಡಿ. 'ಸ್ಕಾರ್ಲೆಟ್ ಬೆಗೋನಿಯಾಸ್' ಸಾಹಿತ್ಯ ಮುಗಿದ ಮೇಲೂ ಹಾಡು ನಿಲ್ಲುವುದಿಲ್ಲ. ಗಾಯಕಿ ಡೊನ್ನಾ ದನಿ ಮೇಲೆ ತೇಲುತ್ತಿರುತ್ತದೆ, ಜೆರ್ರಿ ಗಾರ್ಸಿಯಾ ಗಿಟಾರ್ ಸುತ್ತಿ ಸುತ್ತಿ ಬರುತ್ತಿರುತ್ತದೆ, ಕೆಳಗೆ ಫಿಲ್ ಲೆಶ್ ಬಾಸ್ ಮೆಲ್ಲಗೆ ಇನ್ನೊಂದು ನಡೆ ಹಿಡಿಯುತ್ತದೆ, ನೋಡುನೋಡುತ್ತಲೇ ನೀವು 'ಫೈರ್ ಆನ್ ದ ಮೌಂಟನ್' ಒಳಗೆ ಇರುತ್ತೀರಿ. ಎಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಎರಡೂ ಸೇರಿ ಸುಮಾರು 25 ನಿಮಿಷ. 'ಫೈರ್' ನಿಂತಿರೋದು ಎರಡೇ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ, ಅದನ್ನು ವೇದಿಕೆಗೆ ತಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಆಮೇಲೆ ಕೊನೆಯ 'ಮಾರ್ನಿಂಗ್ ಡ್ಯೂ'. ಪಿಸುಮಾತಿನಷ್ಟು ಸಣ್ಣದಾಗಿ ಶುರುವಾಗಿ ಕೊನೆಗೆ ಗಾರ್ಸಿಯಾ ತಂತಿಗಳನ್ನು ಎಡೆಬಿಡದೆ ಮೀಟುತ್ತಾ ಹೋಗುವ ಜಾಗ ಬಂದಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಕಾರಣ ಟೇಪ್. ಅದನ್ನು ಮಾಡಿದವರು ತಂಡದ ಸೌಂಡ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಹಾಲ್‌ನ ಸ್ಪೀಕರ್‌ಗೆ ಹೋಗುವ ಮಿಕ್ಸನ್ನೇ ಸುಮ್ನೆ ಟೇಪ್‌ಗೆ ಹಾಕಿದರೆ ಹಾಡುಗಾರಿಕೆ ಮುಂದೆ ಬಂದು ಗಿಟಾರ್ ಹಿಂದೆ ಬೀಳುತ್ತದೆ, ಯಾಕೆಂದರೆ ಗಿಟಾರ್ ಆಂಪ್ಲಿಫೈಯರ್ ಸದ್ದು ಹಾಲ್‌ನಲ್ಲಿ ನೇರವಾಗಿಯೇ ಕೇಳಿಸುತ್ತಿರುತ್ತದೆ. ಬೆಟ್ಟಿ ಟೇಪ್‌ಗೆ ಅಂತಲೇ ಬೇರೆ ಮಿಕ್ಸ್ ಮಾಡಿ ನಾಗ್ರಾ ಅನ್ನೋ ಟೇಪ್ ರೆಕಾರ್ಡರ್‌ಗೆ ಇಳಿಸುತ್ತಿದ್ದರು. ಮುಂದೆ ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವರ ಟೇಪ್‌ಗಳು ಹರಾಜಾಗಿ ಹೋದವು. ಕೊಂಡವರ ಕೈಯಿಂದ ಪ್ರತಿ ಮೇಲೆ ಪ್ರತಿಯಾಗಿ ಊರೆಲ್ಲ ಹಬ್ಬಿದವು. ಲೈಬ್ರರಿ ಆಫ್ ಕಾಂಗ್ರೆಸ್ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಶೋವನ್ನು ಸೇರಿಸಿಕೊಂಡಿತು. ಅಧಿಕೃತ ಆಲ್ಬಂ ಆಗಿ ಬಂದದ್ದು ಮಾತ್ರ 2017ರಲ್ಲಿ.

ಬಿಸಿಲುಜ್ಯಾಮ್:
ಕಾರ್ನೆಲ್ ಬಗ್ಗೆ ನನ್ನದು ಒಂದೇ ತಕರಾರು. ಅದು ತೀರಾ ನಯವಾಗಿದೆ. ಮನೋಧರ್ಮ ಬೇಕು ಅಂದರೆ 1972ರ ಆಗಸ್ಟ್ 27, ಓರೆಗಾನ್‌ನ ವೆನೆಟಾ. ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಅನ್ನೋ ಡೇರಿ ಕಷ್ಟದಲ್ಲಿತ್ತು, ಅದನ್ನು ಉಳಿಸೋಕೆ ನಡೆಸಿದ ಸಹಾಯಾರ್ಥ ಕಾರ್ಯಕ್ರಮ ಅದು. ಬಯಲಲ್ಲಿ ವೇದಿಕೆ, 38 ಡಿಗ್ರಿ ದಾಟಿದ ಬಿಸಿಲು. ಆ ಬಿಸಿಗೆ ಗಿಟಾರ್‌ಗಳ ಶ್ರುತಿ ನಿಲ್ಲುತ್ತಿರಲಿಲ್ಲ, ಹಾಡುಗಳ ಮಧ್ಯೆ ಮತ್ತೆ ಮತ್ತೆ ಶ್ರುತಿ ಮಾಡಿಕೊಳ್ಳುತ್ತಾರೆ. ಆದರೂ ನುಡಿಸಿದ್ದು ನೋಡಿ! 'ಡಾರ್ಕ್ ಸ್ಟಾರ್' ಅರ್ಧ ಗಂಟೆಗೂ ಮೀರಿ ಹೋಗುತ್ತದೆ. ಹಾಡೋದು ಅದರಲ್ಲಿ ಸ್ವಲ್ಪವೇ, ಉಳಿದದ್ದೆಲ್ಲ ಅಲೆದಾಟ. ಒಂದು ಘಟ್ಟದಲ್ಲಿ ತಾಳವೇ ಕರಗಿ ಹೋಗಿ ಬರೀ ಸದ್ದು ಉಳಿಯುತ್ತದೆ, ಇನ್ನು ಕಳೆದೇ ಹೋದರು ಅನ್ನೋಷ್ಟರಲ್ಲಿ ಯಾರೋ ಒಬ್ಬರು ಒಂದು ಎಳೆ ಹಿಡಿದು ಎಲ್ಲರನ್ನೂ ವಾಪಸ್ ಕರೆದುಕೊಂಡು ಬರುತ್ತಾರೆ.

1972ರಲ್ಲಿ ಡ್ರಮ್ಮರ್ ಒಬ್ಬರೇ, ಬಿಲ್ ಕ್ರೂಟ್ಸ್‌ಮನ್. ಇನ್ನೊಬ್ಬ ಡ್ರಮ್ಮರ್ ಮಿಕ್ಕಿ ಹಾರ್ಟ್ 1971ರಲ್ಲಿ ಬಿಟ್ಟು ಹೋಗಿದ್ದರು, ವಾಪಸ್ ಬಂದದ್ದು 1974ರ ಕೊನೆಯಲ್ಲಿ. ಹಾಗಾಗಿ ಆ ಕಾಲದ ತಂಡ ತುಂಬಾ ಹಗುರ, ಒಬ್ಬರು ದಾರಿ ಬದಲಿಸಿದ ತಕ್ಷಣ ಉಳಿದವರೂ ತಿರುಗುತ್ತಾರೆ. ಕೀತ್ ಗಾಡ್‌ಶೋ ಪಿಯಾನೋ ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಒಂದು ಸಲ ಪೂರ್ತಿ ಪಿಯಾನೋ ಮೇಲೇ ಗಮನ ಇಟ್ಟು 'ಬರ್ಡ್ ಸಾಂಗ್' ಕೇಳಿ. 2013ರಲ್ಲಿ 'ಸನ್‌ಶೈನ್ ಡೇಡ್ರೀಮ್' ಅನ್ನೋ ಹೆಸರಲ್ಲಿ ಸಿನಿಮಾ ಸಮೇತ ಬಂದಿದೆ.

ಮರದಗಿಟಾರ್:
1970ರ ಮೇ 2, ಹಾರ್ಪರ್ ಕಾಲೇಜ್, ಬಿಂಗ್‌ಹ್ಯಾಮ್ಟನ್. 'ಡಿಕ್ಸ್ ಪಿಕ್ಸ್' ಅನ್ನೋ ಲೈವ್ ರೆಕಾರ್ಡಿಂಗ್ ಸರಣಿಯ 8ನೇ ಆಲ್ಬಂ. ಮೊದಲು ಅಕೂಸ್ಟಿಕ್, ಆಮೇಲೆ ಎಲೆಕ್ಟ್ರಿಕ್. 'ಅಮೆರಿಕನ್ ಬ್ಯೂಟಿ' ಇಷ್ಟಪಟ್ಟವರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇಲ್ಲ. ಒಂದೇ ರಾತ್ರಿಯಲ್ಲಿ ಎರಡು ಬೇರೆ ತಂಡ ಕೇಳಿದ ಹಾಗಿರುತ್ತದೆ.

ಘಟಪ್ರಿಯ:
ಒಬ್ಬ ಡ್ರಮ್ಮರ್ ಇದ್ದಾಗಲೇ ಚೆಂದ ಅನ್ನೋದನ್ನು ನಾನು ಒಪ್ಪಲ್ಲ. ಕಛೇರಿ ಕೇಳಿ ಬೆಳೆದವರಿಗೆ ನಾನು ಹೇಳೋದು 1969ರ 'ಲೈವ್/ಡೆಡ್', ಅದರಲ್ಲೂ 'ದಿ ಇಲೆವೆನ್'. ಹೆಸರಿನಂತೆಯೇ 11 ಎಣಿಕೆ. ಮೂರು, ಮೂರು, ಮೂರು, ಎರಡು ಅಂತ ಕೈಯಲ್ಲಿ ತಾಳ ಹಾಕಿ ನೋಡಿ, ಕೂತುಬಿಡುತ್ತದೆ. ಇಬ್ಬರು ಡ್ರಮ್ಮರ್‌ಗಳು ಆ ಲೆಕ್ಕವನ್ನು ಹೊತ್ತುಕೊಂಡು ಓಡುತ್ತಿದ್ದರೆ ಲೆಶ್ ಮತ್ತು ಗಾರ್ಸಿಯಾ ಅದರ ಮೇಲೆ ನಿರಾಳವಾಗಿ ಆಡುತ್ತಾರೆ. ಹಾರ್ಟ್ ತಬಲಾ ಮಾಂತ್ರಿಕ ಅಲ್ಲಾರಖಾ ಅವರ ಬಳಿ ಕಲಿತವರು. ಈ ಲೆಕ್ಕದ ಹುಚ್ಚು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಅಲ್ಲಿಗೇ ಮುಗಿಯಲಿಲ್ಲ. ಹಾರ್ಟ್ ಮತ್ತು ಅಲ್ಲಾರಖಾ ಅವರ ಮಗ ಜಾಕಿರ್ ಹುಸೇನ್ ಸೇರಿ 1976ರಲ್ಲಿ ದಿಗಾ ರಿದಮ್ ಬ್ಯಾಂಡ್ ಆಲ್ಬಂ ತಂದರು. ಅದರಲ್ಲಿ 'ಹ್ಯಾಪಿನೆಸ್ ಈಸ್ ಡ್ರಮ್ಮಿಂಗ್' ಅಂತ ಒಂದಿದೆ, ಗಾರ್ಸಿಯಾ ಗಿಟಾರ್ ನುಡಿಸಿದ್ದಾರೆ. ಕೇಳಿದ ಕೂಡಲೇ ಗುರುತು ಸಿಗುತ್ತದೆ, ಅದೇ ಮುಂದೆ 'ಫೈರ್ ಆನ್ ದ ಮೌಂಟನ್' ಆದದ್ದು. 1991ರ 'ಪ್ಲಾನೆಟ್ ಡ್ರಮ್'ನಲ್ಲಿ ಇವರಿಬ್ಬರ ಜೊತೆ ವಿಕ್ಕು ವಿನಾಯಕರಾಂ ಅವರ ಘಟವೂ ಇದೆ. ಡೆಡ್ ಶೋಗಳ ಎರಡನೇ ಸೆಟ್ ಮಧ್ಯೆ ಬರುವ 'ಡ್ರಮ್ಸ್' ಭಾಗವನ್ನು ಎಷ್ಟೋ ಜನ ಓಡಿಸಿಬಿಡುತ್ತಾರೆ, ನನಗೆ ಬೇಜಾರಾಗುತ್ತದೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೆ. ದಯವಿಟ್ಟು ಕೂತು ಕೇಳಿ.

ಕಛೇರಿಕಿವಿ:
ಎಲ್ಲರಿಗೂ ಥ್ಯಾಂಕ್ಸ್. 'ಫೈರ್' ಕಥೆ ನನಗೆ ಗೊತ್ತೇ ಇರಲಿಲ್ಲ! ಈ ಸೌಂಡ್‌ಬೋರ್ಡ್, ಆಡಿಯನ್ಸ್, ಮ್ಯಾಟ್ರಿಕ್ಸ್ ಅಂತ ಹಾಕಿರುತ್ತಾರಲ್ಲ, ಯಾವುದನ್ನು ಆರಿಸಬೇಕು?

ಮೈಕ್‌ಸ್ಟ್ಯಾಂಡ್:
ಸೌಂಡ್‌ಬೋರ್ಡ್ ಅಂದರೆ ಮಿಕ್ಸರ್‌ನಿಂದ ನೇರ ತಂತಿ ಎಳೆದು ಮಾಡಿದ್ದು. ಆಡಿಯನ್ಸ್ ಅಂದರೆ ಜನರ ಮಧ್ಯೆ ಮೈಕ್ ನಿಲ್ಲಿಸಿ ಹಿಡಿದದ್ದು. ಎರಡನ್ನೂ ಕಾಲಕ್ಕೆ ಹೊಂದಿಸಿ ಬೆರೆಸಿದರೆ ಮ್ಯಾಟ್ರಿಕ್ಸ್. ಆಡಿಯನ್ಸ್ ಟೇಪ್ ಅಂದರೆ ಕಳಪೆ ಅಂತ ದಯವಿಟ್ಟು ತಿಳಿಯಬೇಡಿ. ಟೇಪ್ ಮಾಡೋರನ್ನು ಈ ತಂಡ ಓಡಿಸಲಿಲ್ಲ, 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಶೋಗಳಿಂದ ಅವರಿಗೆ ಅಂತಲೇ ಬೇರೆ ಟಿಕೆಟ್, ಬೇರೆ ಜಾಗ ಕೊಟ್ಟರು. ಒಂದೇ ಷರತ್ತು: ಹಂಚಿ, ಮಾರಬೇಡಿ. ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿದರೆ ಗುರುತಿಲ್ಲದವರೂ ಪ್ರತಿ ಮಾಡಿ ಕಳಿಸುತ್ತಿದ್ದರು. ಆದರೆ ಪ್ರತಿಯ ಪ್ರತಿ ಆದಷ್ಟೂ ಹಿಸ್ ಶಬ್ದ ಏರುತ್ತದೆ, ಅದಕ್ಕೇ ಹಳಬರು ಇದು ಎಷ್ಟನೇ ಪ್ರತಿ ಅಂತ ಮೊದಲು ಕೇಳೋದು.

ನನ್ನ ಆಯ್ಕೆ ಹೇಳಿಬಿಡ್ತೀನಿ. 1990ರ ಮಾರ್ಚ್ 29, ನ್ಯೂಯಾರ್ಕ್ ರಾಜ್ಯದ ನ್ಯಾಸೋ ಕೊಲಿಸಿಯಂ. ಜಾಝ್ ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ರಿಹರ್ಸಲ್ ಇಲ್ಲದೆ 'ಬರ್ಡ್ ಸಾಂಗ್'ಗೆ ಸೇರಿಕೊಂಡರು, ಅದು ಎಷ್ಟು ಕೂಡಿ ಬಂತು ಅಂದರೆ ಎರಡನೇ ಸೆಟ್‌ಗೂ ಉಳಿಸಿಕೊಂಡರು. ಅಲ್ಲಿ ನುಡಿಸಿದ 'ಐಸ್ ಆಫ್ ದ ವರ್ಲ್ಡ್' ಅದೇ ವರ್ಷದ 'ವಿದೌಟ್ ಎ ನೆಟ್' ಆಲ್ಬಂನಲ್ಲಿದೆ, ಪೂರ್ತಿ ಶೋ 2014ರಲ್ಲಿ ಬಂತು. ಮಾರ್ಸಾಲಿಸ್ ಮತ್ತು ಗಾರ್ಸಿಯಾ ವಾದ್ಯಗಳ ಸಂಭಾಷಣೆ ಬಿಡಿಬಿಡಿಯಾಗಿ ಕೇಳಬೇಕು ಅಂದರೆ ಅಧಿಕೃತ ರೆಕಾರ್ಡಿಂಗ್. ಸ್ಯಾಕ್ಸೊಫೋನ್ ಏರಿದಾಗ ಜನ ಏನು ಮಾಡಿದರು ಅಂತ ಕೇಳಬೇಕು ಅಂದರೆ ಆಡಿಯನ್ಸ್ ಟೇಪ್.

ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣದಲ್ಲಿ ಈ ಟೇಪ್‌ಗಳು ಸಿಗುತ್ತವೆ, ಅಲ್ಲಿ 2005ರಿಂದ ಸೌಂಡ್‌ಬೋರ್ಡ್‌ಗಳನ್ನು ಅಲ್ಲೇ ಕೇಳಬೇಕು, ಡೌನ್‌ಲೋಡ್ ಆಗೋದು ಆಡಿಯನ್ಸ್ ಟೇಪ್ ಮಾತ್ರ. ಪ್ರತಿ ಟೇಪ್ ಕೆಳಗೆ ಯಾವ ಮೈಕ್, ಹಾಲ್‌ನ ಯಾವ ಜಾಗ ಅಂತ ಟೇಪ್ ಮಾಡಿದವರೇ ಬರೆದಿರುತ್ತಾರೆ. ಅದನ್ನು ಓದಿ ಆರಿಸಿಕೊಳ್ಳಿ.